ಮೂರು ದೇಶಕ್ಕೆ ಒಂದೇ ಹೂಂ

ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿಯಲ್ಲಿ ತನ್ನ ನೊರೆ ತುಂಬಿದ ಬಾಯಿ ನೋಡಿಕೊಂಡಾಗ ಅವಳಿಗೆ ಹೊಳೆಯಿತು, ತಾನು ಮೂರು ದೇಶಗಳಿಗೆ ಮಾತು ಕೊಟ್ಟಾಗಿದೆ. ಮೂರಕ್ಕೂ ಒಂದೇ ಮಾತು, ಹೂಂ. ಇವತ್ತು ಸಂಜೆಯೊಳಗೆ ಅದರಲ್ಲಿ ಎರಡನ್ನು ವಾಪಸು ನುಂಗಬೇಕಿತ್ತು, ಯಾವ ಎರಡು ಎಂಬುದು ಅವಳಿಗೇ ಗೊತ್ತಿರಲಿಲ್ಲ. ಬಾತ್‌ರೂಮಿನ ಬಾಗಿಲಾಚೆ ಸೋದರಮಾವ ನಿಂತಿದ್ದ. ಮೂವತ್ತು ವರ್ಷದಿಂದ ಕಡಲಾಚೆಯ ಚಳಿ ದೇಶದಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಅಮ್ಮನ ತಮ್ಮ ಇವನು. ರಜೆಗೆಂದು ಬಂದವನು ಅವಳ ಕೋಣೆಯನ್ನೂ ಅವಳ ಭವಿಷ್ಯವನ್ನೂ ಒಟ್ಟಿಗೇ ವಶಪಡಿಸಿಕೊಂಡಿದ್ದ. ನಿನ್ನದೂ ನನ್ನದೂ ಒಂದೇ ಕಸುಬು ಕಣೆ, ಜನರನ್ನ ಮೇಲೆ ಕರಕೊಂಡು ಹೋಗಿ ಕೆಳಗೆ ಇಳಿಸೋದು, ಎಂದು ದಿನಕ್ಕೊಮ್ಮೆಯಾದರೂ ಹೇಳಿ ತಾನೇ ನಗುತ್ತಿದ್ದ. ಈಗ ಬಾಗಿಲಿಗೆ ಬಾಯಿ ಹಚ್ಚಿ, "ನಿನ್ನ ರೂಮಿನ ಕಿಟಕಿಗೆ ನೀಲಿ ಪರದೆ ಹಾಕಿಸ್ಲಾ, ಬೂದು ಹಾಕಿಸ್ಲಾ? ಬೂದು ಬೇಡ ಅನ್ಸುತ್ತೆ ನನಗೆ. ಅಲ್ಲಿ ಅದು ಈಗಾಗ್ಲೇ ಬೇಕಾದಷ್ಟಿದೆ," ಅಂದ. "ಹೂಂ," ಅಂದಳು ಅವಳು, ಬ್ರಶ್ಶನ್ನು ದವಡೆಗೆ ಸರಿಸಿ. "ನೀಲಿ ತಾನೆ?" "ಹೂಂ." "ಜಾಣೆ," ಎಂದು ಮಾವ ಚಪ್ಪಲಿ ಎಳೆಯುತ್ತ ಹೋದ. ಕಡಲಾಚೆ ಮಾವನ ಮನೆಯ ಗ್ಯಾರೇಜಿನ ಮೇಲಿನ ಕೋಣೆಗೆ ನೀಲಿ ಪರದೆ ಗಟ್ಟಿಯಾಯಿತು. ಅವಳು ಬಾಯಿ ಮುಕ್ಕಳಿಸಿದಳು.

ಹವ್ಯಾಸಕ್ಕೆ ಹಾರುವ ಲೈಸೆನ್ಸು ಹೋದ ವರ್ಷವೇ ಕೈಗೆ ಬಂದಿತ್ತು. ಇನ್ನು ಬೇಕಾದದ್ದು ಹೊಟ್ಟೆಪಾಡಿನ ಲೈಸೆನ್ಸು, ಸಂಬಳ ಎಣಿಸಿಕೊಂಡು ಜನರನ್ನು ಕೂರಿಸಿಕೊಂಡು ಹಾರುವಂಥದ್ದು. ಅದರ ತಕರಾರೆಂದರೆ ಅದಕ್ಕೊಂದು ದೇಶ ಇರುತ್ತದೆ. ಆಕಾಶಕ್ಕೆ ಬೇಲಿ ಇಲ್ಲ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು, ಲೈಸೆನ್ಸಿಗೆ ಇದೆ ಎಂದು ಹೇಳಿಕೊಟ್ಟಿರಲಿಲ್ಲ. ಯಾವ ದೇಶದ ಲೈಸೆನ್ಸೋ ಆ ದೇಶದ ವಿಮಾನ. ಇನ್ನೊಂದು ದೇಶದ ವಿಮಾನ ಮುಟ್ಟಬೇಕೆಂದರೆ ಮತ್ತೆ ಪರೀಕ್ಷೆ, ಮತ್ತೆ ಕಣ್ಣು ಕಿವಿ ಎದೆ ತೋರಿಸುವುದು, ಮೊದಲಿನಿಂದ ಅ ಆ ಇ ಈ. ಹಾಗಾಗಿ ಯಾವ ನೆಲದ ಕಾಗದ ಹಿಡಿಯುತ್ತೇವೆ ಎಂಬುದು ಮುಂದಿನ ಹತ್ತಿಪ್ಪತ್ತು ವರ್ಷದ ಮಾತು. ಅಪ್ಪ ಇಲ್ಲಿಯದೇ ಅಂದಿದ್ದ. ಮಾವ ಚಳಿ ದೇಶದ್ದು ಅಂದಿದ್ದ. ಹಾರಾಟ ಕಲಿಸುವ ಕ್ಯಾಪ್ಟನ್ ಮೇಡಂ ತಾನು ಕಲಿತ ಬಿಸಿಲು ದೇಶದ್ದು ಅಂದಿದ್ದಳು. ಮೂವರೂ ಅವಳ ಒಳ್ಳೆಯದನ್ನೇ ಬಯಸಿದವರು. ಯಾರಾದರೂ ಒಬ್ಬರು ಸ್ವಲ್ಪ ಕೆಟ್ಟವರಾಗಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು ಎಂದುಕೊಂಡು ಅವಳು ಮುಖ ಒರೆಸಿಕೊಂಡಳು.

ಮನೆಯಿಂದ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲೇ ಅಪ್ಪನ ಕನ್ನಡಕದ ಅಂಗಡಿ. ಬೇರೆ ದಾರಿಯೂ ಇತ್ತು, ಅವಳು ಇತ್ತೀಚೆಗೆ ಅದನ್ನು ಬಳಸುತ್ತಿದ್ದಳು. ಇವತ್ತು ಕಾಲು ಅಭ್ಯಾಸದ ಮೇಲೆ ಹಳೆಯ ದಾರಿಗೇ ಎಳೆಯಿತು. ಒಳಗಡೆ ಕೋಣೆಯಲ್ಲಿ ಅಮ್ಮ ಗಾಜಿನ ಅಂಚು ಉಜ್ಜುವ ಯಂತ್ರದ ಮುಂದೆ ಕುಳಿತಿದ್ದಳು, ಅದರ ಸದ್ದು ರಸ್ತೆಗೂ ಕೇಳುತ್ತಿತ್ತು. ಆ ಸದ್ದಿನಲ್ಲಿ ಯಾರ ಮಾತೂ ಕಿವಿಗೆ ಬೀಳದ ಕಾರಣ ಅಮ್ಮ ಮನೆಯ ಎಲ್ಲ ಚರ್ಚೆಗಳಿಂದ ಪಾರಾಗಿದ್ದಳು. ಅಪ್ಪ ಒಬ್ಬ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸಿ ನೋಡುವ ದಪ್ಪ ಫ್ರೇಮನ್ನು ಕೂರಿಸಿ, ಎದುರಿನ ಅಕ್ಷರಗಳ ಪಟ ತೋರಿಸುತ್ತಿದ್ದ. "ಇದಾ, ಅದಾ?" ಗಾಜು ತೆಗೆದು ಇನ್ನೊಂದು ಇಟ್ಟು, "ಇದಾ, ಅದಾ?" ಅಪ್ಪನ ಕೈಬೆರಳು ಇಡೀ ದಿನ ಮಾಡುತ್ತಿದ್ದ ಕೆಲಸ ಅದೊಂದೇ. ಅವಳನ್ನು ಕಂಡದ್ದೇ ಗಿರಾಕಿಯ ಕಡೆ ಬಾಗಿ, "ನನ್ನ ಮಗಳು. ಪೈಲಟ್ಟು. ಇಲ್ಲೇ ಲೈಸೆನ್ಸ್ ಮಾಡ್ತಾಳೆ, ಇಲ್ಲೇ ಹಾರ್ತಾಳೆ. ಹೂಂ ಅಂದಿದಾಳೆ," ಅಂದ. ಆ ಮನುಷ್ಯ ಒಂದು ಕಣ್ಣಿಗೆ ಗಾಜು, ಇನ್ನೊಂದು ಕಣ್ಣಿಗೆ ಕಪ್ಪು ಮುಚ್ಚಳ ಇಟ್ಟುಕೊಂಡೇ ತಿರುಗಿ ಅವಳನ್ನು ಅರ್ಧ ನೋಡಿ ತಲೆದೂಗಿದ. ಅವಳೂ ತಲೆದೂಗಿದಳು. ಆ ಹೂಂ ಹುಟ್ಟಿದ್ದು ಇದೇ ಹೊಸ್ತಿಲಲ್ಲಿ. ಹದಿನೈದು ದಿನದ ಹಿಂದೆ ಬೆಳಿಗ್ಗೆ ಇಬ್ಬರೂ ಬಗ್ಗಿ ಅಂಗಡಿಯ ಶಟರನ್ನು ಎರಡೂ ಕಡೆಯಿಂದ ಎತ್ತುತ್ತಿದ್ದಾಗ ಅಪ್ಪ ಕೇಳಿದ್ದ, "ಇಲ್ಲೇ ಮಾಡ್ಕೋತೀಯ ತಾನೆ?" ತುಕ್ಕು ಹಿಡಿದ ಶಟರು, ಭಾರ, ಅವಳ ಬಾಯಿಂದ "ಹೂಂ" ಎಂದು ಹೊರಟಿತ್ತು. ಅದರಲ್ಲಿ ಒಪ್ಪಿಗೆ ಎಷ್ಟಿತ್ತು, ಶಟರಿನ ಭಾರ ಎಷ್ಟಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ತೂಗಿ ನೋಡಿದ್ದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಗಾಜಿನ ಮೇಲೆ ಯಾರದೋ ತಲೆಯೆಣ್ಣೆಯ ಗುರುತು, ಅದರ ಮೂಲಕ ರಸ್ತೆ ಸ್ವಲ್ಪ ಕರಗಿದ ಹಾಗೆ ಕಾಣುತ್ತಿತ್ತು. ಎಂಟನೇ ವಯಸ್ಸಿನಲ್ಲಿ ಅವಳಿಗೆ ಇಡೀ ಒಂದು ವರ್ಷ ಜಗತ್ತು ಹೀಗೇ ಕಂಡಿತ್ತು. ಹಲಗೆಯ ಮೇಲಿದ್ದದ್ದನ್ನು ಹುಡುಗಿ ತಪ್ಪು ಬರೆದುಕೊಳ್ಳುತ್ತಾಳೆ ಎಂದು ಟೀಚರು ದೂರು ಹೇಳಿದ್ದರು. ನಿಜ ಏನೆಂದರೆ ಅವಳು ಪಕ್ಕದವಳ ಜೊತೆ ಹರಟುತ್ತ ಬರೆಯುತ್ತಿದ್ದಳು. ಅಪ್ಪ ಗಾಬರಿಯಾಗಿ ಆ ಎತ್ತರದ ಕುರ್ಚಿಯಲ್ಲಿ ಅವಳನ್ನು ಕೂರಿಸಿದ್ದ. ಇದಾ, ಅದಾ? ಎರಡೂ ಒಂದೇ ಥರ ಕಾಣುತ್ತಿದ್ದವು. ಆದರೆ ಅಪ್ಪನ ದನಿ ಎರಡನೆಯದರ ಮೇಲೆ ಸ್ವಲ್ಪ ಮೃದುವಾಗುತ್ತಿತ್ತು, ಅದು ಒಳ್ಳೆಯದಿರಲಿ ಎಂದು ಅವನು ಆಸೆಪಡುತ್ತಿದ್ದಾನೆ ಎಂದು ಅವಳಿಗೆ ತಿಳಿಯುತ್ತಿತ್ತು. ಹೂಂ, ಹೂಂ, ಎಂದು ಅವನನ್ನು ಖುಷಿಪಡಿಸುತ್ತ ಹೋಗಿ ಕೊನೆಗೆ ಪವರ್ ಇರುವ ಕನ್ನಡಕವನ್ನೇ ಸಂಪಾದಿಸಿಕೊಂಡಳು. ಹಾಕಿಕೊಂಡರೆ ನೆಲ ಎದ್ದು ಬಂದ ಹಾಗೆ. ಇಲ್ಲದ ಮೆಟ್ಟಿಲಿಗೆ ಕಾಲೆತ್ತುವುದು, ಇರುವ ಮೆಟ್ಟಿಲಿನಲ್ಲಿ ಬೀಳುವುದು. ಶಾಲೆಯಲ್ಲಿ ಅವಳ ಹೆಸರೇ ಮೆಟ್ಟಿಲು ಎಂದಾಯಿತು. ವರ್ಷದ ಮೇಲೆ ಕಣ್ಣಿನ ಡಾಕ್ಟರೊಬ್ಬರು ಅಂಗಡಿಗೆ ಏನೋ ಕೊಳ್ಳಲು ಬಂದವರು ತಮಾಷೆಗೆಂದು ಅವಳ ಕಣ್ಣು ನೋಡಿ, ಈ ಮಗುವಿಗೆ ಕನ್ನಡಕವೇ ಬೇಡ, ಯಾರು ಕೊಟ್ಟಿದ್ದು, ಎಂದು ಕೇಳಿಬಿಟ್ಟರು. ಅಪ್ಪ ಡ್ರಾಯರಿನಲ್ಲಿ ಇಲ್ಲದ ಒಂದು ಸ್ಕ್ರೂ ಹುಡುಕತೊಡಗಿದ. ಅವನ ಕಿವಿಯ ತುದಿ ಕೆಂಪಗಾಗಿದ್ದು ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬೈಯಲಿಲ್ಲ, ಏಕೆ ಹಾಗೆ ಮಾಡಿದೆ ಎಂದು ಕೇಳಲೂ ಇಲ್ಲ. ಅದರ ನಂತರ ಅಪ್ಪ ಎಲ್ಲ ಗಿರಾಕಿಗಳಿಗೂ ನಡುನಡುವೆ ಸೊನ್ನೆ ಗಾಜು ಹಾಕುವುದನ್ನು ರೂಢಿ ಮಾಡಿಕೊಂಡ. ಪವರೇ ಇಲ್ಲದ ಬರಿ ಗಾಜು. ಇದಾ ಅದಾ ಎಂದು ಎರಡು ಸೊನ್ನೆ ತೋರಿಸಿ, ಯಾರು ಮರ್ಯಾದೆಗೆ ಹೂಂ ಅನ್ನುತ್ತಾರೆ, ಯಾರು ಕಂಡದ್ದನ್ನು ಹೇಳುತ್ತಾರೆ ಎಂದು ತಿಳಿದುಕೊಳ್ಳುವ ಉಪಾಯ. ಗಿರಾಕಿಗಳಿಗೆ ಅದನ್ನು ನಗುತ್ತ ವಿವರಿಸುತ್ತಿದ್ದ. ಯಾರಿಂದ ಕಲಿತೆ ಎಂದು ಮಾತ್ರ ಹೇಳುತ್ತಿರಲಿಲ್ಲ. ಬಸ್ಸು ನಿಂತಿತು, ಮುಂದಿನ ಸೀಟಿನವರು ಇಳಿದರು.

ಹಾರಾಟದ ಮೈದಾನ ಊರಾಚೆ. ಒಂದು ರನ್‌ವೇ, ಒಂದು ಟವರ್, ಶೆಡ್ಡಿನಲ್ಲಿ ನಾಲ್ಕು ಪುಟ್ಟ ವಿಮಾನ. ಅವುಗಳಲ್ಲಿ ಹಳೆಯದಕ್ಕೆ ಎಲ್ಲರೂ ಮುದುಕಿ ಅನ್ನುತ್ತಿದ್ದರು, ಬೆಳಗಿನ ಚಳಿಗೆ ಎರಡು ಸಲ ಕೆಮ್ಮದೆ ಅದು ಶುರುವಾಗುತ್ತಿರಲಿಲ್ಲ. ಮೋಡ ಬಂದ ದಿನ ಇಲ್ಲಿ ರಜೆ. ಮುದುಕಿಗೂ ಅದರ ತಂಗಿಯರಿಗೂ ಮೋಡದೊಳಗೆ ದಾರಿ ತೋರಿಸುವ ಉಪಕರಣ ಅಷ್ಟಕ್ಕಷ್ಟೇ, ಕಲಿಸುವವರೂ ಕಡಿಮೆ. ಹಾಗಾಗಿ ಆಕಾಶ ಮುಚ್ಚಿದರೆ ಕಲಿಯುವವರೆಲ್ಲ ಶೆಡ್ಡಿನಲ್ಲಿ ಕೇರಂ ಆಡುತ್ತಿದ್ದರು. ಅವಳ ಕೇರಂ ಆಟ ತುಂಬ ಸುಧಾರಿಸಿತ್ತು. ಕ್ಯಾಪ್ಟನ್ ಮೇಡಂ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತ ಮುದುಕಿಯ ರೆಕ್ಕೆಗೆ ಒರಗಿ ನಿಂತಿದ್ದಳು. "ಸಂಜೆ ನಮ್ಮ ಹಳೇ ಸ್ಕೂಲಿಗೆ ಫೋನ್ ಮಾಡ್ತೀನಿ. ನಿನ್ನ ಜಾಗ ಗಟ್ಟಿ ಮಾಡಿಬಿಡೋಣ. ವರ್ಷಪೂರ್ತಿ ನೀಲಿ ಆಕಾಶ ಅಲ್ಲಿ. ಒಂದೇ ಒಂದು ದಿನ ಹಾರಾಟ ತಪ್ಪಲ್ಲ. ಬೇಗ ಮುಗಿಸಿ ಬರ್ತೀಯ," ಅಂದಳು. ಈ ಬಾರಿ ಅವಳು ಹೂಂ ಅನ್ನಲಿಲ್ಲ, ಕೆಮ್ಮಿದಳು. ಮೇಡಂಗೆ ಕೊಟ್ಟ ಹೂಂ ಹೋದ ವಾರದ್ದು. ಇಂಜಿನ್ನಿನ ಗದ್ದಲದಲ್ಲಿ, ಇಬ್ಬರ ಕಿವಿಗೂ ಹೆಡ್‌ಫೋನು, ಅವಳು ಎತ್ತರ ತೋರಿಸುವ ಮುಳ್ಳು ನೋಡುತ್ತಿದ್ದಾಗ ಮೇಡಂ ಕೇಳಿದ್ದಳು. ಕೇಳಿಸಿತು ಎಂಬ ಅರ್ಥದಲ್ಲಿ ಅವಳು ಹೂಂ ಅಂದಿದ್ದಳು. ಅದೇ ಮೇಡಂ ಮೊದಲ ದಿನ ರೇಡಿಯೋ ಮಾತು ಕಲಿಸುವಾಗ ಎಷ್ಟು ಬಿಡಿಸಿ ಹೇಳಿದ್ದಳು. "ರಾಜರ್ ಅಂದ್ರೆ ಕೇಳಿಸ್ತು ಅಂತ, ಅಷ್ಟೇ. ಒಪ್ಪಿದೆ ಅಂತ ಅಲ್ಲ. ವಿಲ್ಕೋ ಅಂದ್ರೆ ಹೇಳಿದ ಹಾಗೆ ಮಾಡ್ತೀನಿ ಅಂತ. ಅಫರ್ಮ್ ಅಂದ್ರೆ ಹೌದು. ಮೂರೂ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಹೇಳಿದ್ರೆ ಎರಡು ವಿಮಾನ ಒಂದೇ ಕಡೆ ಇಳೀತವೆ." ಆ ದಿನ ಅವಳಿಗೆ ವಿಚಿತ್ರ ಸಂತೋಷವಾಗಿತ್ತು. ಕೇಳಿಸಿಕೊಂಡೂ ಒಪ್ಪದೆ ಇರಬಹುದು, ಅದಕ್ಕೆಂದೇ ಒಂದು ಪದ ಇದೆ, ಅದನ್ನು ಹೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ. ಮನೆಯಲ್ಲಿ ಅಂಥ ಸೌಕರ್ಯ ಇರಲಿಲ್ಲ. ಅಲ್ಲಿ ಕಥೆ ಕೇಳುವವರ ಹೂಂ, ಬೈಸಿಕೊಳ್ಳುವವರ ಹೂಂ, ಒಪ್ಪಿದವರ ಹೂಂ, ಭಾರ ಎತ್ತುವವರ ಹೂಂ, ಎಲ್ಲ ಒಂದೇ ಡಬ್ಬಿಯಿಂದ ಬರುತ್ತಿದ್ದವು.

ಒಬ್ಬಳೇ ಹೋಗಿ ಬರುವ ಪಾಠ ಇವತ್ತಿನದು. ಮುದುಕಿ ಕೆಮ್ಮಿತು, ಎದ್ದಿತು, ನೆಲ ಬಿಟ್ಟಿತು. ನೆಲ ಬಿಟ್ಟ ಕ್ಷಣದಿಂದ ಅವಳ ಎದೆಯೊಳಗಿನ ಗೋಜಲು ಸಡಿಲವಾಯಿತು. ಯಾವಾಗಲೂ ಹಾಗೆಯೇ. ಮೇಲೆ ಯಾರ ಮುಖವೂ ಇರುವುದಿಲ್ಲ, ಯಾರ ದನಿ ಎಲ್ಲಿ ಮೃದುವಾಯಿತು ಎಂದು ಕಿವಿಗೊಡಬೇಕಾಗಿಲ್ಲ. ಮುಳ್ಳುಗಳಿರುತ್ತವೆ, ಅವು ತಮಗೆ ಕಂಡದ್ದನ್ನು ಹೇಳುತ್ತವೆ. ಕೆಳಗೆ ಚೌಕಚೌಕ ಹೊಲ, ಒಣಹಾಕಿದ ಬಟ್ಟೆ, ಒಂದು ಜಲಾಶಯ. ಹೋಗುವುದು ಸಲೀಸಾಯಿತು. ದೂರದ ಪಟ್ಟಣದ ನೀರಿನ ಟ್ಯಾಂಕು ಸುತ್ತಿ ಹಿಂದೆ ತಿರುಗಿದಾಗ ಮೈದಾನದ ಕಡೆ ಒಂದು ಬಿಳಿ ಗೋಡೆ ಎದ್ದು ನಿಂತಿತ್ತು. ಬೆಳಿಗ್ಗೆ ಅದು ಇರಲಿಲ್ಲ. ಅವಳಿಗಿದ್ದ ಲೈಸೆನ್ಸಿಗೆ ಮೋಡದೊಳಗೆ ಹೋಗುವ ಹಕ್ಕಿಲ್ಲ, ಕಣ್ಣಿಗೆ ನೆಲ ಕಾಣುತ್ತಿರಲೇಬೇಕು. ಟವರಿನಿಂದ ಸಾವಧಾನದ ದನಿ ಬಂತು. ಮೋಡ ನಿಮ್ಮ ದಾರಿಗೆ ಇಳಿಯುತ್ತಿದೆ, ನಿಮ್ಮ ಉದ್ದೇಶ ಹೇಳಿ.

ನಿಮ್ಮ ಉದ್ದೇಶ ಹೇಳಿ. ಹದಿನೈದು ದಿನದಿಂದ ಮೂವರು ಅವಳನ್ನು ಮಾತಾಡಿಸಿದ್ದರು, ಈ ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ ಎಂದು ಅವಳಿಗೆ ಆ ಎತ್ತರದಲ್ಲಿ ಅನ್ನಿಸಿತು. ಅನ್ನಿಸಿದ ಭರದಲ್ಲಿ ಗುಂಡಿ ಒತ್ತಿ, ಇಡೀ ಆಕಾಶಕ್ಕೆ ಕೇಳುವ ಹಾಗೆ, "ಹೂಂ," ಅಂದುಬಿಟ್ಟಳು. ರೇಡಿಯೋ ಭಾಷೆಯಲ್ಲಿ ಇಂಥ ಪದ ಇಲ್ಲ. ಟವರಿನವನು ತನ್ನ ಅಧಿಕೃತ ದನಿಯನ್ನು ಪಕ್ಕಕ್ಕಿಟ್ಟು, ಮನೆಯ ಮಾತಿನಲ್ಲಿ ಕೇಳಿದ, "ಯಾವ ಹೂಂ ಮೇಡಂ ಇದು?" ಎಲ್ಲಿಂದಲೋ ಇನ್ಯಾವುದೋ ವಿಮಾನದ ಪೈಲಟ್ಟು ಗುಂಡಿ ಒತ್ತಿ ನಕ್ಕು ಬಿಟ್ಟ. ಅವಳ ಕಿವಿಯ ತುದಿ ಬಿಸಿಯಾಯಿತು, ಅಪ್ಪನ ಕಿವಿಯ ಹಾಗೆ. ಎಡಕ್ಕೆ ತಿರುಗುತ್ತೇನೆ, ಜಲಾಶಯದ ದಂಡೆ ಹಿಡಿದು ಮೋಡವನ್ನು ಬಳಸಿ ಬರುತ್ತೇನೆ, ತಡವಾಗುತ್ತದೆ, ಇಂಧನ ಸಾಕಷ್ಟಿದೆ, ಎಂದು ಒಂದೇ ಉಸಿರಿಗೆ ನೆಟ್ಟಗೆ ಹೇಳಿದಳು. "ರಾಜರ್," ಅಂದ ಅವನು.

ಮೋಡದ ಪಕ್ಕದಲ್ಲೇ ಹಾರಬೇಕಾಯಿತು, ನಿಯಮದ ಪ್ರಕಾರ ದೂರ ಇಟ್ಟುಕೊಂಡು. ಬಲಗಡೆಯ ಕಿಟಕಿಯ ತುಂಬ ಅದೇ. ದೂರದಿಂದ ಗೋಡೆಯಂತೆ ಕಂಡಿದ್ದು ಹತ್ತಿರದಿಂದ ಸುಮ್ಮನೆ ಕುದಿಯುತ್ತಿತ್ತು, ಅನ್ನದ ಪಾತ್ರೆಯ ಮೇಲೆ ಹಬೆ ಮಗುಚುವ ಹಾಗೆ. ಒಳಗೆ ಹೇಗಿರುತ್ತದೆ? ಎಲ್ಲ ಬಿಳಿ. ನೆಲ ಇಲ್ಲ, ಅಂಚು ಇಲ್ಲ, ಮೇಲೆ ಕೆಳಗೆ ಗೊತ್ತಾಗುವುದಿಲ್ಲ. ಅಲ್ಲಿ ದೇಹ ಸುಳ್ಳು ಹೇಳುತ್ತದೆ, ವಾಲಿದ್ದರೂ ನೆಟ್ಟಗಿದ್ದೇನೆ ಅನ್ನುತ್ತದೆ, ಮುಳ್ಳನ್ನೇ ನಂಬಬೇಕು ಎಂದು ಪುಸ್ತಕದಲ್ಲಿ ಓದಿದ್ದಳು. ಅವಳಿಗೆ ಹಸಿವಾದ ಹಾಗಾಯಿತು. ಅದು ಭಯವೇ ಇರಬೇಕೆಂದು ಮೊದಲು ಎಣಿಸಿದಳು, ಯಾಕೆಂದರೆ ಹೊಟ್ಟೆಯಲ್ಲಿ ಅದು ಕೂತ ಜಾಗ ಭಯದ್ದೇ. ಆದರೆ ಭಯವಾದಾಗ ಕಣ್ಣು ಆ ಕಡೆಯಿಂದ ಸರಿಯುತ್ತದೆ, ಈಗ ಕಣ್ಣು ಅಲ್ಲಿಂದ ಕದಲುತ್ತಲೇ ಇರಲಿಲ್ಲ. ಆ ಬಿಳಿಯೊಳಗೆ ಹೋಗಿ ಆಚೆ ಬದಿಯಿಂದ ನೆಟ್ಟಗೆ ಹೊರಗೆ ಬರುವುದು ತನಗೆ ಬೇಕು. ಬೇಕು ಎಂಬ ಶಬ್ದ ಯಾರ ದನಿಯಲ್ಲೂ ಬರಲಿಲ್ಲ, ಅಪ್ಪನದಲ್ಲ, ಮಾವನದಲ್ಲ, ಮೇಡಂದಲ್ಲ. ತನ್ನದೇ ದನಿಯ ಪರಿಚಯ ಅವಳಿಗೆ ಎಷ್ಟು ಕಡಿಮೆ ಇತ್ತೆಂದರೆ ಒಂದು ಕ್ಷಣ ರೇಡಿಯೋದಲ್ಲಿ ಯಾರೋ ಮಾತಾಡಿದರೆಂದು ಗುಂಡಿಯ ಕಡೆ ನೋಡಿದಳು. ಆಮೇಲೆ ಒಬ್ಬಳೇ ಜೋರಾಗಿ ನಕ್ಕಳು. ಮುದುಕಿ ಅಲ್ಲಾಡಿತು.

ಇಳಿದ ಮೇಲೆ ಕ್ಯಾಪ್ಟನ್ ಮೇಡಂ ಕೈಯಲ್ಲಿ ಫೋನು ಹಿಡಿದೇ ಎದುರು ಬಂದಳು. ರೇಡಿಯೋ ಕೇಳಿಸಿಕೊಂಡಿದ್ದಳು, ತುಟಿಯಲ್ಲಿ ನಗೆ ಇತ್ತು. "ಮೋಡಾನ ಚೆನ್ನಾಗಿ ಬಳಸಿ ಬಂದೆ. ಹೂಂ ಒಂದು ಬಿಟ್ರೆ. ಅಲ್ಲಿ ಈ ಕಾಟ ಇರಲ್ಲ ನೋಡು, ಮೋಡಾನೇ ಇರಲ್ಲ. ಫೋನ್ ಮಾಡ್ಲಾ?"

"ಊಹೂಂ," ಅಂದಳು ಅವಳು.

ಹೂಂಗೂ ಊಹೂಂಗೂ ನಡುವೆ ಇರುವುದು ಒಂದೇ ಒಂದು ಊ. ಅದನ್ನು ಎತ್ತಲು ಇಷ್ಟು ವರ್ಷ ಬೇಕಾಯಿತು. ಮೇಡಂ ಫೋನಿನ ಮೇಲೆ ಬೆರಳಿಟ್ಟುಕೊಂಡೇ ನಿಂತಳು. "ಮತ್ತೆ ಹೋದ ವಾರ ಹೂಂ ಅಂದೆಯಲ್ಲ?" "ಅದು ಕೇಳಿಸ್ತು ಅಂತ, ಮೇಡಂ." "ಅದಕ್ಕೊಂದು ಪದ ಹೇಳಿಕೊಟ್ಟಿದ್ದೆ ನಿಂಗೆ." "ಹೌದು ಮೇಡಂ. ತಪ್ಪಾಯ್ತು." ಮೇಡಂ ಮುಖದಲ್ಲಿ ಏನೋ ಒಂದು ಹಾದು ಹೋಯಿತು. ತಾನು ಕಲಿತ ಊರನ್ನು ಇನ್ನೊಬ್ಬರಿಗೆ ದಾಟಿಸುವ ಆಸೆ ಇತ್ತೋ ಏನೋ ಅವಳಿಗೆ. ಆ ಓಣಿಗಳ ಹೆಸರು, ಆ ರನ್‌ವೇ ಪಕ್ಕದ ಹೋಟೆಲು, ಎಲ್ಲವನ್ನೂ ಇವಳಿಗೆ ಈಗಾಗಲೇ ವರ್ಣಿಸಿಯಾಗಿತ್ತು. "ಮೋಡ ಇಲ್ಲದ ಕಡೆ ನಾನು ಏನು ಕಲೀಲಿ ಮೇಡಂ," ಅಂದಳು ಅವಳು, ಕಾಲಿನ ಬಳಿ ನೋಡುತ್ತ. ಮೇಡಂ ಮುಚ್ಚಳಕ್ಕೆ ಚಹಾ ಬಗ್ಗಿಸಿ ಅವಳ ಕೈಗೇ ಕೊಟ್ಟಳು. "ಕುಡಿ. ನಾನು ಮೋಡದೊಳಗೆ ಮೊದಲ ಸಲ ಹೋದಾಗ ವಾಂತಿ ಮಾಡ್ಕೊಂಡೆ. ಕೆಲಸಕ್ಕೆ ಸೇರಿದ ಮೇಲೆ. ಅದು ಯಾರಿಗೂ ಹೇಳಿಲ್ಲ," ಅಂದಳು. ಚಹಾ ತಣ್ಣಗಾಗಿತ್ತು, ಅವಳು ಪೂರ್ತಿ ಕುಡಿದಳು.

ಸಂಜೆ ಅಂಗಡಿ ಹೊಸ್ತಿಲು ದಾಟುವಾಗಲೇ ಒಳಗಿನ ಗಾಳಿ ಸರಿಯಿಲ್ಲ ಎಂದು ಅವಳಿಗೆ ಗೊತ್ತಾಯಿತು. ಅಪ್ಪ ಗಾಜಿನ ಕೌಂಟರಿನ ಈಚೆ, ಮಾವ ಆಚೆ. ಇಬ್ಬರ ನಡುವೆ ಫೋನು, ಫೋನಿನಲ್ಲಿ ನೀಲಿ ಪರದೆಯ ಚಿತ್ರ. ಮಾವ ಅದನ್ನು ಭಾವನಿಗೆ ತೋರಿಸಲು ಬಂದಿದ್ದ, ಅಲ್ಲಿಗೆ ಎಲ್ಲ ಹೊರಬಿದ್ದಿತ್ತು. "ನೋಡಿ ಬಂದ್ಲು, ಅವಳನ್ನೇ ಕೇಳಿ ಭಾವ," ಅಂದ ಮಾವ. "ನನಗೆ ಹೂಂ ಅಂದಿದಾಳೆ, ಒಂದು ಸಲ ಅಲ್ಲ." "ನನಗೂ ಅಂದಿದಾಳೆ," ಅಂದ ಅಪ್ಪ. "ಇದೇ ಜಾಗದಲ್ಲಿ." "ಯಾವಾಗ?" "ನೀನು ಬರೋಕ್ಕಿಂತ ಮುಂಚೆ." "ಹಾಗಾದ್ರೆ ನನ್ನದು ಹೊಸಾ ಹೂಂ. ಹೊಸದು ಬಂದ ಮೇಲೆ ಹಳೇದು ಲೆಕ್ಕಕ್ಕಿಲ್ಲ." "ಇದೇನು ಲಿಫ್ಟ್ ಗುಂಡಿಯಾ, ಕೊನೆಗೆ ಒತ್ತಿದವರ ಮಾಳಿಗೆಗೆ ಹೋಗೋಕೆ?" "ಲಿಫ್ಟ್ ಹಾಗೆ ಹೋಗಲ್ಲ ಭಾವ, ಅದಕ್ಕೊಂದು ಕ್ರಮ ಇದೆ," ಎಂದು ಮಾವ ಲಿಫ್ಟಿನ ಮಾನ ಕಾಯಲು ಹೊರಟ. ಹಿಂದಿನ ಕೋಣೆಯಲ್ಲಿ ಯಂತ್ರ ನಿಂತಿತು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಗಾಜಿನ ಬಿಳಿ ಹುಡಿ ಅವಳ ಹುಬ್ಬಿನ ಮೇಲೆ ಕೂತಿತ್ತು. "ಇವಳ ಹೂಂ ಹಿಡ್ಕೊಂಡು ಇಬ್ರು ಗಂಡಸರು ಜಗಳ ಆಡ್ತಿದೀರಲ್ಲ," ಅಂದಳು. "ನಾಲ್ಕು ವರ್ಷದ ಮಗುವಾಗಿದ್ದಾಗ ನಿದ್ದೇಲೂ ಹೂಂ ಅಂತಿದ್ಲು ಇವಳು. ಇನ್ನೆಷ್ಟು ಜನಕ್ಕೆ ಅಂದಿದೀಯೇ?" "ಕ್ಯಾಪ್ಟನ್ ಮೇಡಂಗೆ ಒಂದು," ಅಂದಳು ಅವಳು. "ಅದು ಮಧ್ಯಾಹ್ನ ವಾಪಸ್ ತಗೊಂಡೆ."

ಅಪ್ಪ ಎತ್ತರದ ಕುರ್ಚಿಯನ್ನು ಬಟ್ಟೆಯಿಂದ ಒರೆಸಿ, "ಕೂತ್ಕೋ," ಅಂದ. ಕೂತಳು. ದಪ್ಪ ಫ್ರೇಮು ಮೂಗಿನ ಮೇಲೆ ಬಂದು ಕುಳಿತಿತು, ತಣ್ಣಗೆ, ಎಂಟು ವರ್ಷದವಳಿದ್ದಾಗ ಇದ್ದಷ್ಟೇ ಭಾರವಾಗಿ. ಎದುರಿಗೆ ಅಕ್ಷರಗಳ ಪಟ, ಮೇಲೆ ದೊಡ್ಡದು, ಕೆಳಗೆ ಕೆಳಗೆ ಸಣ್ಣದು. ಅಪ್ಪನ ಬೆರಳಿನಲ್ಲಿ ಗಾಜು ಒರೆಸುವ ದ್ರವದ ವಾಸನೆ. ಒಂದು ಗಾಜು ಇಟ್ಟ. "ಇದಾ?" ತೆಗೆದು ಇನ್ನೊಂದು ಇಟ್ಟ. "ಅದಾ?" ದನಿ ಎರಡನೆಯದರ ಮೇಲೆ ಮೃದುವಾಯಿತು. ಅವಳಿಗೆ ಅದು ಕೇಳಿಸಿತು. ಗಂಟಲಿನವರೆಗೆ ಹೂಂ ಎದ್ದು ಬಂದು ನಿಂತಿತು, ಸಾಕಿದ ಬೆಕ್ಕು ಕರೆಯುವ ಮೊದಲೇ ಬರುವ ಹಾಗೆ. ಅಪ್ಪನಿಗೆ ಖುಷಿಯಾಗಲಿ ಎಂಬ ಆ ಹಳೆಯ ಆಸೆಗೆ ಒಂದು ಚೂರೂ ವಯಸ್ಸಾಗಿರಲಿಲ್ಲ. ಅವಳು ಪಟದ ಕೊನೆಯ ಸಾಲನ್ನು ನೋಡಿದಳು, ಮತ್ತೆ ನೋಡಿದಳು.

"ಎರಡೂ ಒಂದೇ ಅಪ್ಪ," ಅಂದಳು. "ಎರಡೂ ಸೊನ್ನೆ ಗಾಜು."

ಅಪ್ಪ ಗಾಜನ್ನು ತೆಗೆದು ಬೆಳಕಿಗೆ ಹಿಡಿದು ನೋಡಿದ, ತನಗೆ ಗೊತ್ತಿಲ್ಲದವನ ಹಾಗೆ. "ಹದಿನಾರು ವರ್ಷ ಆಯ್ತು ನಿನಗೆ ಈ ಉತ್ತರ ಹೇಳೋಕೆ," ಅಂದ. ನಂತರ ಗಾಜನ್ನು ಕೌಂಟರಿನ ಮೇಲಿಟ್ಟು, "ಶಟರ್ ಎತ್ತೋವಾಗ ಕೇಳಬಾರದಿತ್ತು ನಾನು. ಭಾರಕ್ಕೆ ಹೂಂ ಅಂತೀಯ ಅಂತ ಗೊತ್ತಿತ್ತು. ಗೊತ್ತಿದ್ದೇ ಕೇಳ್ದೆ." ಇದನ್ನು ಅವನು ಮಾವನ ಎದುರಿಗೇ ಹೇಳಿದ. ಅವಳಿಗೆ ಅಳು ಬಂದ ಹಾಗಾಯಿತು, ಆದರೆ ಆ ಫ್ರೇಮು ಹಾಕಿಕೊಂಡು ಅಳುವುದು ಕಷ್ಟ. "ಈಗ ಕೇಳ್ತೀನಿ," ಅಂದ ಅಪ್ಪ. "ಇಲ್ಲಿಯಾ, ಅಲ್ಲಿಯಾ? ಕಂಡಿದ್ದು ಹೇಳು."

ಅವಳು ಫ್ರೇಮು ತೆಗೆಯದೆ ಮಾವನ ಕಡೆ ತಿರುಗಿದಳು. "ಮಾವ, ನಿಜ ಹೇಳು. ಅಲ್ಲಿ ಮೋಡ ಜಾಸ್ತಿನಾ?"

ಮಾವ ಕೌಂಟರಿನ ಮೇಲಿದ್ದ ಫೋನನ್ನು ಮಗುಚಿ ಇಟ್ಟ. "ಛೆ, ಏನಿಲ್ಲ. ಎಲ್ಲೋ ಒಂದೊಂದು ದಿನ." "ನೀನು ಕಳಿಸೋ ಫೋಟೋ ಎಲ್ಲಾ ಬೂದು," ಅಂದಳು ಅಮ್ಮ ಬಾಗಿಲಿನಿಂದ. ಮಾವನ ಮುಖ ಇಳಿಯಿತು. ಇಷ್ಟು ದಿನ ಅವನು ಹೀಟರು ತೋರಿಸಿದ್ದ, ಪರದೆ ತೋರಿಸಿದ್ದ, ಮನೆಯೆದುರಿನ ಬಸ್ಸು ತೋರಿಸಿದ್ದ, ಆಕಾಶವನ್ನು ಮಾತ್ರ ಚೌಕಟ್ಟಿನಿಂದ ಹೊರಗಿಟ್ಟಿದ್ದ. "ಇದೆ," ಎಂದು ಕೊನೆಗೆ ಕಳ್ಳತನ ಒಪ್ಪಿಕೊಳ್ಳುವವನ ಹಾಗೆ ಹೇಳಿದ. "ವರ್ಷದಲ್ಲಿ ಎಂಟು ತಿಂಗಳು ಪಾತ್ರೆಗೆ ಮುಚ್ಚಳ ಹಾಕಿದ ಹಾಗಿರುತ್ತೆ. ಸೂರ್ಯ ಬಂದ ದಿನ ಜನ ಕೆಲಸ ಬಿಟ್ಟು ಹೊರಗೆ ಬಂದು ನಿಂತ್ಕೋತಾರೆ. ಮೋಡದಲ್ಲೇ ಏರ್ತಾವೆ, ಮೋಡದಲ್ಲೇ ಇಳೀತಾವೆ ಪಾಪ ಆ ವಿಮಾನಗಳು. ನೀನು ಬರಲ್ಲ ಅಂತೀಯ ಅಂತ ಹೇಳಿರಲಿಲ್ಲ. ಬೇಜಾರು ಮಾಡ್ಕೋಬೇಡ."

"ಹಾಗಾದ್ರೆ ಅಲ್ಲೇ," ಅಂದಳು ಅವಳು. "ಅಪ್ಪ, ಅದು. ಅಲ್ಲಿ ಕಲೀತೀನಿ. ಮೋಡ ಬಂದ್ರೆ ಕೇರಂ ಆಡೋ ಪೈಲಟ್ ಆಗೋಕೆ ನಂಗಿಷ್ಟ ಇಲ್ಲ."

ಮಾವನಿಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಮೂವತ್ತು ವರ್ಷ ತಾನು ಬೈದುಕೊಂಡು ಬದುಕಿದ ಆಕಾಶವನ್ನು ಈ ಹುಡುಗಿ ಬೇಕು ಅನ್ನುತ್ತಿದ್ದಾಳೆ. ಆಮೇಲೆ ಕೌಂಟರಿಗೆ ಅಂಗೈ ಬಡಿದ, ಕನ್ನಡಕಗಳೆಲ್ಲ ಒಮ್ಮೆ ಕಿಣಿಕಿಣಿ ಅಂದವು. "ನೋಡಿದ್ರಾ ಭಾವ. ಪರದೆ ಇವತ್ತೇ ಹಾಕಿಸ್ತೀನಿ. ನನ್ನ ಮನೇಲಿ ಇದ್ಕೊಂಡು..." "ಊಹೂಂ," ಅಂದಳು ಅವಳು. ದಿನದ ಎರಡನೆಯ ಊಹೂಂ, ಮೊದಲನೆಯದಕ್ಕಿಂತ ಸರಾಗವಾಗಿ ಬಂತು. "ಅಲ್ಲಿನ ಮೈದಾನದ ಹತ್ರ ಹಾಸ್ಟೆಲ್ ಇರುತ್ತಂತೆ. ಅಲ್ಲಿ ಇರ್ತೀನಿ ಮಾವ. ಭಾನುವಾರ ಬರ್ತೀನಿ." ಮಾವನ ಅಂಗೈ ಕೌಂಟರಿನ ಮೇಲೆ ಹಾಗೇ ಉಳಿಯಿತು. ನೀಲಿ ಪರದೆ, ಗ್ಯಾರೇಜಿನ ಮೇಲಿನ ಕೋಣೆ, ಮೂವತ್ತು ವರ್ಷದ ಮೇಲೆ ಮನೆಯಲ್ಲಿ ತನ್ನ ಮಾತಿಗೆ ಹೂಂಗುಟ್ಟುವ ಒಂದು ಜೀವ, ಎಲ್ಲ ಅವನ ಕಣ್ಣಲ್ಲಿ ಒಮ್ಮೆ ಬಂದು ಹೋದವು. ಆ ಊಹೂಂ ವಾಪಸು ತೆಗೆದುಕೊಳ್ಳೋಣ ಎಂದು ಅವಳಿಗೆ ಅನ್ನಿಸಿತು, ತೆಗೆದುಕೊಳ್ಳಲಿಲ್ಲ. "ಭಾನುವಾರ ಊಟಕ್ಕಾದ್ರೂ ಬರ್ತೀಯ ತಾನೆ?" ಅಂದ ಮಾವ. "ಬರ್ತೀನಿ." "ಹೂಂ ಅನ್ನು." "ಊಹೂಂ. ಬರ್ತೀನಿ ಅಂದ್ನಲ್ಲ, ಬರ್ತೀನಿ." ಅಮ್ಮ ಬಾಗಿಲಿಗೆ ಒರಗಿ ನಗತೊಡಗಿದಳು, ಹುಬ್ಬಿನ ಮೇಲಿನ ಬಿಳಿ ಹುಡಿ ಉದುರಿತು. ಮಾವನಿಗೂ ನಗು ಬಂತು. ಅಕ್ಕ ತಮ್ಮ ಇಬ್ಬರೂ ಅಡುಗೆಗೆ ಹೊತ್ತಾಯಿತೆಂದು ಮಾತಾಡಿಕೊಳ್ಳುತ್ತ ಮನೆಯ ದಾರಿ ಹಿಡಿದರು. ಪರದೆ ಹೇಗೂ ಹಾಕಿಸುತ್ತೇನೆ, ಭಾನುವಾರ ಮಧ್ಯಾಹ್ನ ಮಲಗಬೇಕಾದರೆ ಬೇಕಲ್ಲ, ಎಂದು ಮಾವ ಹೇಳುತ್ತಿದ್ದದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು.

ಅಪ್ಪ ಅವಳ ಮೂಗಿನಿಂದ ಫ್ರೇಮು ತೆಗೆದು, ಎರಡೂ ಸೊನ್ನೆ ಗಾಜನ್ನು ಒರೆಸಿ ಪೆಟ್ಟಿಗೆಯಲ್ಲಿ ಅವುಗಳ ಜಾಗದಲ್ಲಿ ಇಟ್ಟ. ದೀಪ ಆರಿಸಿದ. ಹೊರಗೆ ಬಂದು ಎಂದಿನ ಹಾಗೆ ಅವನು ಬಲಗಡೆ, ಅವಳು ಎಡಗಡೆ ನಿಂತು ಶಟರಿನ ಅಂಚು ಹಿಡಿದರು. ಅಪ್ಪ ಮಾತಾಡುತ್ತಲೇ ಇದ್ದ. ಅಲ್ಲಿ ಚಳಿ, ಕಿವಿ ಮುಚ್ಚೋ ಟೋಪಿ ತಗೋಬೇಕು, ಒಳಗೆ ಉಣ್ಣೆದು ಹಾಕ್ಕೋಬೇಕು, ಕಣ್ಣು ಒಣಗುತ್ತೆ, ಹನಿ ಹಾಕೋ ಔಷಧ ಕೊಡ್ತೀನಿ, ವಾರಕ್ಕೆ ಎರಡು ಸಲನಾದ್ರೂ ಫೋನ್ ಮಾಡ್ಬೇಕು. "ಹೂಂ," ಅಂದಳು ಅವಳು. ಅಪ್ಪ ನಿಲ್ಲಿಸಿ ಕೇಳಿದ, "ಇದು ಯಾವ ಹೂಂ?" "ಟೋಪಿಗೆ ಕೇಳಿಸ್ತು ಅನ್ನೋ ಹೂಂ. ಫೋನಿಗೆ 'ಹೌದು' ಹೂಂ." "ಉಣ್ಣೆದಕ್ಕೆ?" "ಊಹೂಂ." ಅಪ್ಪ ನಕ್ಕ. ಇಬ್ಬರೂ ಎಳೆದರು, ಶಟರು ಕಿರುಚುತ್ತ ಇಳಿದು ನೆಲಕ್ಕೆ ತಾಗಿತು. ಅಪ್ಪ ಬಗ್ಗಿ ಬೀಗ ಹಾಕಿ, ಅದನ್ನು ಎರಡು ಸಲ ಜಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದು ನಿಂತ. ಬೀದಿದೀಪದಲ್ಲಿ ಅವನ ಕಿವಿಯ ತುದಿ ಕೆಂಪಗಿತ್ತು.

"ಬೇಜಾರಾಯ್ತಾ ಅಪ್ಪ?" ಅಂದಳು.

"ಹೂಂ," ಅಂದ ಅಪ್ಪ.

ಶಟರು ಆಗಲೇ ಇಳಿದಾಗಿತ್ತು, ಕೈಯಲ್ಲಿ ಭಾರ ಏನೂ ಇರಲಿಲ್ಲ. ಯಾವ ಹೂಂ ಎಂದು ಅವಳು ಕೇಳಲಿಲ್ಲ.